ಬೆಳಗ್ಗೆ ಹೊರಡಲು ಎಷ್ಟು ಹೊತ್ತು ಬೇಕು?

ಕೇಳುಗರಿಗೆಲ್ಲ ನಮಸ್ಕಾರ.

ಬೆಳಗ್ಗೆ ಹಾಸಿಗೆ ಬಿಟ್ಟಾಗಿನಿಂದ ಹೊಸ್ತಿಲು ದಾಟುವವರೆಗೆ ನಿಮಗೆ ಎಷ್ಟು ಹೊತ್ತು ಹಿಡಿಯುತ್ತದೆ? ಮನಸ್ಸಿನಲ್ಲೇ ಒಂದು ಸಂಖ್ಯೆ ಅಂದುಕೊಳ್ಳಿ. ಇಪ್ಪತ್ತು ನಿಮಿಷವೇ? ಅರ್ಧ ಗಂಟೆಯೇ? ಅಂದುಕೊಂಡಿರಾ? ಆ ಸಂಖ್ಯೆ ತಪ್ಪು. ಗಡಿಯಾರ ಹಿಡಿದು ನೀವು ಎಂದೂ ಅಳೆದಿಲ್ಲವಾದರೆ ಅದು ತಪ್ಪೇ, ಅದೂ ಕಡಿಮೆಯ ಕಡೆಗೆ ತಪ್ಪು.

ಕಾರ್ಖಾನೆಗಳಲ್ಲಿ ಕೆಲಸಗಾರರ ಪಕ್ಕ ನಿಂತು, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವುದು ನನ್ನ ವೃತ್ತಿ. ಟೈಮ್ ಸ್ಟಡಿ ಅನ್ನುತ್ತೇವೆ. ಒಂದು ನಟ್ಟು ಬಿಗಿಯಲು ಎಷ್ಟು ಸೆಕೆಂಡು ಎಂದು ಲೆಕ್ಕ ಇಡುವ ಜನ, ತಮ್ಮ ಮನೆಯಲ್ಲಿ ದಿನಾ ಬೆಳಗ್ಗೆ ನಡೆಯುವ ಕೆಲಸದ ಲೆಕ್ಕ ಮಾತ್ರ ಬಾಯಿಮಾತಿನಲ್ಲೇ ಹೇಳುತ್ತಾರೆ. ಅದಕ್ಕೇ ಇವತ್ತು ನಿಮಗೆ ನಾನು ಹೇಳುವುದು ಒಂದೇ ಮಾತು: ಊಹಿಸಬೇಡಿ, ಅಳೆಯಿರಿ.

ನನ್ನ ಅಕ್ಕನ ಮಗನ ಕಥೆ ಹೇಳುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವನು ಕೆಲವು ತಿಂಗಳು ನಮ್ಮ ಮನೆಯಲ್ಲೇ ಇದ್ದ. ಚುರುಕು ಹುಡುಗ, ಸೋಮಾರಿ ಅನ್ನುವ ಹಾಗೇ ಇಲ್ಲ. ಆದರೆ ದಿನಾ ಆಫೀಸಿಗೆ ತಡ. ಮೇಲಿನವರಿಂದ ಎರಡು ಸಲ ಮಾತು ಕೇಳಿಸಿಕೊಂಡೂ ಆಗಿತ್ತು. ಒಂದು ರಾತ್ರಿ ಊಟ ಮುಗಿಸಿ ಕೂತಿದ್ದಾಗ, "ಬೆಳಗ್ಗೆ ಹೊರಡೋಕೆ ನಿಂಗೆ ಎಷ್ಟು ಹೊತ್ತು ಬೇಕೋ?" ಅಂದೆ. "ಇಪ್ಪತ್ತೇ ನಿಮಿಷ ಮಾಮ. ಹೆಚ್ಚು ಅಂದ್ರೆ ಇಪ್ಪತ್ತೈದು" ಅಂದ. ಸರಿ, ನಾಳೆ ನಾನು ಹಜಾರದಲ್ಲಿ ಕೂತು ಬರೆದುಕೊಳ್ಳುತ್ತೇನೆ, ನೀನು ನಿನ್ನ ಪಾಡಿಗೆ ದಿನಾ ಇರುವ ಹಾಗೆಯೇ ಇರು ಅಂದೆ. ನಕ್ಕು ಒಪ್ಪಿಕೊಂಡ.

6:30ಕ್ಕೆ ಅಲಾರಂ ಹೊಡೆಯಿತು. ನಿಲ್ಲಿಸಿದ. ನಿಲ್ಲಿಸಿದ ಕೈಯಲ್ಲೇ ಫೋನು ಉಳಿಯಿತು. ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು, ತಲೆ ಬಗ್ಗಿಸಿ ನೋಡುತ್ತಾ ಕೂತ. 9 ನಿಮಿಷ. ಎದ್ದು ಬಚ್ಚಲಿಗೆ ಹೋದ, ಟವೆಲ್ ಇಲ್ಲ, ಈಚೆ ಬಂದ, ತಂತಿಯ ಮೇಲಿಂದ ಎಳೆದುಕೊಂಡು ಮತ್ತೆ ಒಳಗೆ. 2 ನಿಮಿಷ. ಹಲ್ಲುಜ್ಜಿದ್ದು 3, ಗಡ್ಡ ಕೆರೆದದ್ದು 4, ಸ್ನಾನ 6. ಇಷ್ಟೂ ಬಹಳ ಚೆನ್ನಾಗಿ, ಒಂದು ಕ್ಷಣವೂ ಪೋಲಾಗದೆ ನಡೆಯಿತು.

ಆಮೇಲೆ ಬಟ್ಟೆಯ ಬೀರು. ಎರಡೂ ಬಾಗಿಲು ತೆಗೆದು ಅದರ ಮುಂದೆ ನಿಂತ. ನೀಲಿ ಶರಟು ಎಳೆದ, ತೋಳು ತೂರಿಸಿದ, ಮೇಲಿನಿಂದ ಎರಡನೆಯ ಗುಂಡಿ ಇಲ್ಲ. ತೆಗೆದು ಹಾಸಿಗೆಯ ಮೇಲೆ ಎಸೆದ. ಬಿಳಿಯದು ಸಿಕ್ಕಿತು, ಇಸ್ತ್ರಿ ಇಲ್ಲ. ಇಸ್ತ್ರಿ ಪೆಟ್ಟಿಗೆಗೆ ಸ್ವಿಚ್ ಹಾಕಿ, ಅದು ಕಾಯುವವರೆಗೆ ಸುಮ್ಮನೆ ಅದನ್ನೇ ನೋಡುತ್ತಾ ನಿಂತ. ಬೀರುವಿನ ಮುಂದಿನ ಈ ಪ್ರಸಂಗಕ್ಕೆ 8 ನಿಮಿಷ. ಬಟ್ಟೆ ತೊಟ್ಟುಕೊಂಡದ್ದಕ್ಕೆ 3. ಕನ್ನಡಿಯ ಮುಂದೆ, ಕೋಣೆಯಿಂದ ಕೋಣೆಗೆ ಓಡಾಟ, ಇನ್ನೊಂದು 4. ತಿಂಡಿ ತಿಂದದ್ದು 8 ನಿಮಿಷ. ತಟ್ಟೆ ಖಾಲಿಯಾದ ಮೇಲೂ ಕೈ ಒಣಗುವವರೆಗೆ ಫೋನು ನೋಡಿದ್ದು 4. ಒಂದು ಕಾಲುಚೀಲ ಕೈಯಲ್ಲಿ ಹಿಡಿದು ಅದರ ಜೋಡಿ ಹುಡುಕಿದ್ದು 3. ಶೂ ಹಾಕಿಕೊಂಡದ್ದು 1. ಇನ್ನೇನು ಹೊರಟ ಅನ್ನುವಷ್ಟರಲ್ಲಿ ಆಫೀಸಿನ ಐಡಿ ಕಾರ್ಡು ನೆನಪಾಯಿತು, ಒಳಗೆ ಬಂದ. ಮತ್ತೆ ಹೊರಟ, ಚಾರ್ಜರ್ ನೆನಪಾಯಿತು, ಮತ್ತೆ ಬಂದ. ಬಾಗಿಲ ಬಳಿಯ ಈ ಹೋಗಿಬರುವಿಕೆಗೇ 6 ನಿಮಿಷ. ಗೇಟು ಮುಚ್ಚಿದ ಸದ್ದು ಕೇಳಿದಾಗ ಗಂಟೆ 7:31.

ಸಂಜೆ ಅವನ ಮುಂದೆ ಹಾಳೆ ಇಟ್ಟೆ. ಹಲ್ಲು, ಗಡ್ಡ, ಸ್ನಾನ, ಬಟ್ಟೆ, ತಿಂಡಿ, ಶೂ, ಎಲ್ಲ ಕೂಡಿದರೆ 25 ನಿಮಿಷ. ಹುಡುಗ ಹೇಳಿದ್ದು ಸುಳ್ಳಲ್ಲ, ನೋಡಿ! ಕೆಲಸಗಳಿಗೆ ಹಿಡಿದದ್ದು ಅವನು ಹೇಳಿದಷ್ಟೇ. ಆದರೆ ಮನೆ ಬಿಟ್ಟದ್ದು 61 ನಿಮಿಷಕ್ಕೆ. ಉಳಿದ 36 ನಿಮಿಷ ಕೆಲಸ ಮತ್ತು ಕೆಲಸದ ನಡುವಿನ ಸಂದಿಯಲ್ಲಿ ಹೋಯಿತು. ದೊಡ್ಡ ನೋಟು ಎಲ್ಲಿ ಖರ್ಚಾಯಿತೆಂದು ಎಲ್ಲರಿಗೂ ನೆನಪಿರುತ್ತದೆ, ಚಿಲ್ಲರೆ ಹೋದದ್ದು ಯಾರಿಗೂ ನೆನಪಿರುವುದಿಲ್ಲ. ಬೆಳಗಿನ ಹೊತ್ತೂ ಹಾಗೆಯೇ ಸೋರುತ್ತದೆ.

ಹಾಳೆ ನೋಡಿ ಅವನು ಏನೆಂದ ಗೊತ್ತೇ? "ಇವತ್ತೊಂದು ದಿನ ಹಾಗಾಯ್ತು ಮಾಮ. ಗುಂಡಿ ಕಿತ್ತುಹೋಗಿತ್ತಲ್ಲ. ದಿನಾ ಹೀಗಿರಲ್ಲ." ನಾನು ವಾದ ಮಾಡಲಿಲ್ಲ, ಆ ವಾರವೆಲ್ಲ ಬರೆದೆ. ಮರುದಿನ ಗುಂಡಿ ಸರಿಯಿತ್ತು, ಬೀಗದ ಕೈ ಕಾಣಲಿಲ್ಲ. ಅದರ ಮರುದಿನ ಬೀಗದ ಕೈ ಇತ್ತು, ಬಚ್ಚಲಲ್ಲಿ ಬೇರೆ ಯಾರೋ ಇದ್ದರು. ಇನ್ನೊಂದು ದಿನ ಊರಿಂದ ಅಕ್ಕನ ಫೋನು. ಪ್ರತಿದಿನವೂ "ಇವತ್ತೊಂದು ದಿನ"ವೇ! ತೊಂದರೆ ಬೇರೆ ಬೇರೆ, ಒಟ್ಟು ಮಾತ್ರ ಒಂದು ಗಂಟೆಯ ಆಸುಪಾಸಿನಲ್ಲೇ. ಆ ಹುಡುಗನಿಗೆ ಹೊರಡಲು ಬೇಕಾದದ್ದು ಒಂದು ಗಂಟೆ. ಅವನು ಅದನ್ನು ಇಪ್ಪತ್ತು ನಿಮಿಷ ಎಂದು ನಂಬಿದ್ದ.

ಇದು ಅವನೊಬ್ಬನ ದೋಷವಲ್ಲ, ಮನುಷ್ಯರ ಬುದ್ಧಿಯೇ ಹೀಗೆ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲೇ ಇದಕ್ಕೊಂದು ಹೆಸರು ಕೊಟ್ಟರು. ಯೋಜನೆಯ ಭ್ರಮೆ ಅನ್ನಬಹುದು. ಮುಂದಿನ ಕೆಲಸವನ್ನು ನೆನೆಯುವಾಗ ನಮ್ಮ ಕಣ್ಣಮುಂದೆ ಎಲ್ಲವೂ ಸುಸೂತ್ರವಾಗಿ ನಡೆಯುವ ಚಿತ್ರವೇ ಬರುತ್ತದೆ. ಹಿಂದೆ ಎಷ್ಟು ಸಲ ತಡವಾಗಿದೆ ಎಂಬುದು ಲೆಕ್ಕಕ್ಕೆ ಬರುವುದೇ ಇಲ್ಲ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಎಷ್ಟು ಕೆಡಬಹುದೋ ಅಷ್ಟು ಕೆಟ್ಟರೆ? ಆಗಲೂ 49 ದಿನದೊಳಗೇ ಆಗುತ್ತದೆ ಅಂದರು. ನಿಜವಾಗಿ ಹಿಡಿದದ್ದು ಸುಮಾರು 55 ದಿನ. ಕೆಟ್ಟದ್ದೆಂದು ಊಹಿಸಿದ ಲೆಕ್ಕವನ್ನೂ ನಿಜ ಮೀರಿತು. ಆದ್ದರಿಂದ ದಯವಿಟ್ಟು ಊಹಿಸಬೇಡಿ, ಅಳೆಯಿರಿ.

ಈಗ ನನ್ನ ವೃತ್ತಿಯ ಹಿರಿಯರೊಬ್ಬರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಫ್ರಾಂಕ್ ಗಿಲ್ಬ್ರೆತ್, ಅಮೆರಿಕದವರು, 1868ರಲ್ಲಿ ಹುಟ್ಟಿ 1924ರಲ್ಲಿ ತೀರಿಕೊಂಡರು. ಗಾರೆ ಕೆಲಸದಿಂದ ಬದುಕು ಆರಂಭಿಸಿದವರು. ಒಂದು ಇಟ್ಟಿಗೆ ಇಡಲು 18 ಚಲನೆಗಳು ಬೇಕಾಗಿದ್ದದ್ದನ್ನು ಐದಕ್ಕೆ ಇಳಿಸಿದರು. ಅವರಿಗೂ ಹೆಂಡತಿ ಲಿಲಿಯನ್ ಅವರಿಗೂ 12 ಮಕ್ಕಳು. ಲಿಲಿಯನ್ ಸ್ವತಃ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಹನ್ನೆರಡು ಮಕ್ಕಳ ಮನೆಯ ಬೆಳಗು ಹೇಗಿರಬೇಕು, ಊಹಿಸಿ! ಬಚ್ಚಲುಮನೆಯ ಗೋಡೆಗೆ ಪಟ್ಟಿ ತೂಗುಹಾಕಿದ್ದರು. ಬರೆಯಲು ಬರುವ ಮಕ್ಕಳೆಲ್ಲ ಹಲ್ಲುಜ್ಜಿದ ಮೇಲೆ, ಮಿಂದ ಮೇಲೆ, ತಲೆ ಬಾಚಿದ ಮೇಲೆ ಆ ಪಟ್ಟಿಯಲ್ಲಿ ಗುರುತು ಹಾಕಬೇಕು. ಗಿಲ್ಬ್ರೆತ್ ತಮ್ಮ ತೋಳಿಲ್ಲದ ಒಳಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿಕೊಳ್ಳುತ್ತಿದ್ದರಂತೆ. ಹಾಗೆ ಹಾಕಿದರೆ 3 ಸೆಕೆಂಡು, ಮೇಲಿನಿಂದ ಕೆಳಕ್ಕಾದರೆ 7. ಕೆಲವು ದಿನ ಎರಡು ರೇಜರ್ ಹಿಡಿದು ಗಡ್ಡ ಕೆರೆದು ನೋಡಿದರು. 44 ಸೆಕೆಂಡು ಉಳಿಯಿತು. ಆದರೆ ಕತ್ತಿನ ಮೇಲೆ ಗಾಯವಾಗಿ, ಅದಕ್ಕೆ ಪಟ್ಟಿ ಕಟ್ಟಲು 2 ನಿಮಿಷ ಹೋಯಿತು. ಇದನ್ನೆಲ್ಲ ಅವರ ಮಕ್ಕಳೇ ಬರೆದಿಟ್ಟಿದ್ದಾರೆ.

ಆ ರೇಜರ್ ಪ್ರಸಂಗವನ್ನು ನನ್ನ ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ಸ್ನಾನ ಬೇಗ ಮಾಡಿ, ತುತ್ತು ಬೇಗ ನುಂಗಿ ಎಂದು ಅವಸರ ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಕೆಲಸದೊಳಗಿಂದ ಸೆಕೆಂಡು ಹೆಕ್ಕುವುದರಿಂದ ಏನೂ ಬರುವುದಿಲ್ಲ. ಗಿಲ್ಬ್ರೆತ್ ದಂಪತಿಗಳು ಮನುಷ್ಯರ ಎಲ್ಲ ಕೆಲಸವನ್ನೂ ಹದಿನೇಳೆಂಟು ಮೂಲ ಚಲನೆಗಳಾಗಿ ಒಡೆದರು. ತೆಗೆದುಕೊಳ್ಳುವುದು, ಸಾಗಿಸುವುದು, ಜೋಡಿಸುವುದು, ಹೀಗೆ. ಆ ಪಟ್ಟಿಯಲ್ಲೇ ಇನ್ನೂ ಕೆಲವಿವೆ: ಹುಡುಕುವುದು, ಆರಿಸುವುದು, ಹಿಡಿದುಕೊಂಡು ನಿಲ್ಲುವುದು, ತಪ್ಪಿಸಬಹುದಾದ ವಿಳಂಬ. ನೂರು ವರ್ಷಗಳ ಹಿಂದೆ ಕಾರ್ಖಾನೆಗೆಂದು ಮಾಡಿದ ಪಟ್ಟಿ ಇದು. ನಮ್ಮ ಹುಡುಗನ 36 ನಿಮಿಷವನ್ನು ಅದರ ಪಕ್ಕ ಇಟ್ಟು ನೋಡಿ. ಟವೆಲ್, ಕಾಲುಚೀಲ, ಐಡಿ ಕಾರ್ಡು: ಹುಡುಕುವುದು. ಶರಟು: ಆರಿಸುವುದು. ಇಸ್ತ್ರಿ ಪೆಟ್ಟಿಗೆ ಕಾಯಲಿ ಎಂದು ನಿಂತದ್ದು, ಹಾಸಿಗೆಯ ಅಂಚಿನ ಫೋನು: ತಪ್ಪಿಸಬಹುದಾದ ವಿಳಂಬ.

ಬೆಳಗ್ಗೆ ಅದರಲ್ಲೂ "ಆರಿಸುವುದು" ನಿಧಾನ. ಎಚ್ಚರವಾದ ತಕ್ಷಣ ಮೆದುಳು ಪೂರ್ತಿ ಎದ್ದಿರುವುದಿಲ್ಲ. ನಿದ್ದೆಯ ಜಡತೆ ಅನ್ನುತ್ತಾರೆ. ಸಾಮಾನ್ಯವಾಗಿ ಮೊದಲ 15ರಿಂದ 30 ನಿಮಿಷ ಅದು ಜೋರಾಗಿರುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಅಭ್ಯಾಸಬಲದಿಂದ ಹಲ್ಲುಜ್ಜುವುದಕ್ಕೆ ಅದು ಅಡ್ಡಿಯಾಗುವುದಿಲ್ಲ. ಯಾವ ಶರಟು ಎಂದು ತೀರ್ಮಾನಿಸುವುದಕ್ಕೆ ಅಡ್ಡಿಯಾಗುತ್ತದೆ. ಶರಟನ್ನು ರಾತ್ರಿಯೇ ಆರಿಸಿ ಕುರ್ಚಿಯ ಬೆನ್ನಿಗೆ ಹಾಕಿ, ಗುಂಡಿ ನೋಡಿ, ಮಲಗಿ.

"ಇಷ್ಟೆಲ್ಲ ಯಾಕೆ, ಅರ್ಧ ಗಂಟೆ ಮೊದಲೇ ಎದ್ದರಾಯಿತಲ್ಲ?" ಈ ಪ್ರಶ್ನೆ ಎಲ್ಲಿ ಮಾತಾಡಿದರೂ ಬರುತ್ತದೆ. ಆಗುವುದಿಲ್ಲ, ಸ್ವಾಮಿ! ಎಷ್ಟು ಹೊತ್ತು ಇದೆಯೋ ಅಷ್ಟನ್ನೂ ತುಂಬುವಂತೆ ಕೆಲಸ ಹಿಗ್ಗುತ್ತದೆ ಎಂದು ಬ್ರಿಟಿಷ್ ಲೇಖಕ ಪಾರ್ಕಿನ್ಸನ್ 1955ರಲ್ಲೇ ಬರೆದರು. ಹಾಸಿಗೆಯ ಅಂಚಿನ 9 ನಿಮಿಷ 25 ಆಗುತ್ತದೆ, ಅಷ್ಟೇ. ಸಂದಿ ಎಲ್ಲಿದೆ ಎಂದು ಗೊತ್ತಿಲ್ಲದೆ ಹೊತ್ತು ಸುರಿದರೆ ಅದೂ ಸೋರಿಹೋಗುತ್ತದೆ. ನಿದ್ದೆ ಬೇರೆ ನಷ್ಟ. ಮೊದಲು ಅಳೆಯಿರಿ. ಅಳೆದ ಮೇಲೂ ಹೊತ್ತು ಸಾಲದೆ ಬಂದರೆ ಆಗ ಬೇಗ ಏಳುವ ಮಾತು.

ಅಳೆಯುವುದು ಕಷ್ಟವಲ್ಲ, ಸ್ಟಾಪ್‌ವಾಚೂ ಬೇಡ. ಒಂದು ಹಾಳೆ, ಒಂದು ಪೆನ್ನು. ಎದ್ದ ಹೊತ್ತು ಬರೆಯಿರಿ, ಬಚ್ಚಲಿಂದ ಹೊರಬಂದದ್ದು ಬರೆಯಿರಿ, ತಿಂಡಿಗೆ ಕೂತದ್ದು, ಎದ್ದದ್ದು, ಬಾಗಿಲಿಗೆ ಬೀಗ ಹಾಕಿದ್ದು. ಬಾಗಿಲು ತಲುಪಿದ್ದಲ್ಲ, ಬೀಗ ಹಾಕಿದ್ದು. ಫೋನಿನಲ್ಲಿ ಬರೆದುಕೊಳ್ಳುತ್ತೇನೆ ಅನ್ನಬೇಡಿ, ಫೋನು ತೆಗೆದರೆ ಅದೇ ಇನ್ನೊಂದು ಸಂದಿ. ಒಂದು ವಾರ ಬರೆಯಿರಿ. ಅದರಲ್ಲಿ ಅತಿ ಕಡಿಮೆ ಬಂದ ದಿನವನ್ನು ನಿಮ್ಮ ಸಂಖ್ಯೆ ಮಾಡಿಕೊಳ್ಳಬೇಡಿ, ಎಲ್ಲರೂ ಮಾಡುವುದು ಅದನ್ನೇ. ಅತಿ ಹೆಚ್ಚು ಬಂದದ್ದರ ಹತ್ತಿರದ ಸಂಖ್ಯೆ ಇಟ್ಟುಕೊಳ್ಳಿ. ಹೊರಡುವ ವೇಳೆಯಿಂದ ಅಷ್ಟನ್ನು ಹಿಂದಕ್ಕೆ ಎಣಿಸಿ, ಅಲಾರಂ ಅಲ್ಲಿಡಿ.

ಬರೆಯಲು ಮನಸ್ಸೇ ಇಲ್ಲದವರು ಕೊನೆಯ ಪಕ್ಷ ಬಿಡಿಬಿಡಿಯಾಗಿ ಎಣಿಸಿ ನೋಡಿ. ಜಸ್ಟಿನ್ ಕ್ರೂಗರ್ ಮತ್ತು ಮ್ಯಾಟ್ ಇವಾನ್ಸ್ ಎಂಬ ಸಂಶೋಧಕರು 2004ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಯಾರನ್ನೋ ಭೇಟಿಯಾಗಲು ಅಲಂಕರಿಸಿಕೊಂಡು ಹೊರಡುವಂಥ ಕೆಲಸವನ್ನು ತುಂಡು ತುಂಡಾಗಿ ಪಟ್ಟಿ ಮಾಡಿಸಿ ಆಮೇಲೆ ಎಷ್ಟು ಹೊತ್ತು ಎಂದು ಕೇಳಿದರೆ, ಜನ ಹೆಚ್ಚು ಹೊತ್ತು ಹೇಳುತ್ತಾರೆ. ಆದರೂ ಪಟ್ಟಿ ಅಳತೆಗೆ ಸಮವಲ್ಲ.

ಮಕ್ಕಳನ್ನು ಶಾಲೆಗೆ ಹೊರಡಿಸುವ ತಾಯಿ ತಂದೆಯರ ಬಗ್ಗೆ, ಒಂದೇ ಬಚ್ಚಲಿರುವ ಮನೆಯಲ್ಲಿ ಸರದಿ ಹೇಗೆ ಎಂಬುದರ ಬಗ್ಗೆ ಹೇಳಬೇಕೆಂದಿದ್ದೆ. ಸ್ಟುಡಿಯೋದ ಗಾಜಿನ ಆಚೆಯಿಂದ ಹೊತ್ತಾಯಿತೆಂದು ಬೆರಳು ತೋರಿಸುತ್ತಿದ್ದಾರೆ, ಚುಟುಕಾಗಿ ಹೇಳುತ್ತೇನೆ. ಮಗುವಿಗೆ "ಬೇಗ ಬೇಗ" ಅನ್ನಬೇಡಿ, ಅದಕ್ಕೆ ಅರ್ಥವಾಗುವುದಿಲ್ಲ. ಮುಂದಿನ ಒಂದು ಕೆಲಸದ ಹೆಸರು ಹೇಳಿ, "ಈಗ ಕಾಲುಚೀಲ" ಅನ್ನಿ. ಬಚ್ಚಲಿನ ಸರದಿಯಲ್ಲಿ ಮೊದಲು ಹೊರಡುವವರು ಮೊದಲು ಹೋಗಲಿ. ಮೊದಲು ಎದ್ದವರಲ್ಲ, ಮೊದಲು ಹೊರಡುವವರು. ಮನೆಯಲ್ಲಿ ಎಲ್ಲರ ಹಾಳೆಯೂ ಇದ್ದರೆ ಈ ಜಗಳವೇ ಇರುವುದಿಲ್ಲ.

ಅಳತೆ ನಾಳೆಯಿಂದಲೇ ಶುರುವಾಗಲಿ. ನಾಳೆ ರಜೆ ಇರುವವರು ಮಾತ್ರ ಕೆಲಸದ ದಿನದವರೆಗೆ ಕಾಯಿರಿ, ರಜೆಯ ಬೆಳಗಿನ ಲೆಕ್ಕ ಇದಕ್ಕೆ ಆಗುವುದಿಲ್ಲ. ಹಾಳೆ ಮತ್ತು ಪೆನ್ನನ್ನು ಈ ರಾತ್ರಿಯೇ ತಲೆದಿಂಬಿನ ಪಕ್ಕ ಇಟ್ಟುಕೊಳ್ಳಿ, ಬೆಳಗ್ಗೆ ಪೆನ್ನು ಹುಡುಕುವಂತಾಗಬಾರದು. ನಮಸ್ಕಾರ.