ಟ್ರೇಡಿಂಗ್ ಯಂತ್ರ ತನ್ನ ಹಳೆಯ ನಿರ್ಧಾರಗಳಿಂದ ಕಲಿಯುವ ಬಗೆ

ಎಲ್ಲರಿಗೂ ನಮಸ್ಕಾರ.

ಟ್ರೇಡಿಂಗ್ ಸಾಫ್ಟ್‌ವೇರ್ ತಾನಾಗಿಯೇ ಕಲಿಯುತ್ತದೆ ಎಂದು ಮಾರುವವರು ಸಲೀಸಾಗಿ ಹೇಳಿಬಿಡುತ್ತಾರೆ. ಯಾವುದರಿಂದ ಕಲಿಯುತ್ತದೆ ಎಂದು ಕೇಳಿ ನೋಡಿ, ಲಾಭ ನಷ್ಟದಿಂದ ಎನ್ನುತ್ತಾರೆ. ಎಡವುವುದೇ ಇಲ್ಲಿ. ಲಾಭ ನಷ್ಟ ಎನ್ನುವುದು ಹಲವು ಬಾಬ್ತುಗಳು ಸೇರಿದ ಮೊತ್ತ. ಬರೀ ಮೊತ್ತ ನೋಡಿದರೆ ಯಾವ ಬಾಬ್ತಿನಲ್ಲಿ ತಪ್ಪಾಯಿತೆಂದು ಗೊತ್ತಾಗುವುದಿಲ್ಲ. ನಿರ್ಧಾರದ ಕ್ಷಣದಲ್ಲಿ ಏನನ್ನು ನಿರೀಕ್ಷಿಸಿದ್ದೆವು, ಆಮೇಲೆ ಏನಾಯಿತು, ಈ ಅಂತರವೇ ಪಾಠ.

ಒಂದೇ ಒಂದು ಟ್ರೇಡ್ ಬಿಡಿಸಿ ನೋಡೋಣ. ಬಿಡ್ (ಕೊಳ್ಳುವವರು ಕೊಡಲೊಪ್ಪುವ ಬೆಲೆ) 99.98, ಆಸ್ಕ್ (ಮಾರುವವರು ಕೇಳುವ ಬೆಲೆ) 100.02, ನಡುಬೆಲೆ 100.00. ಇನ್ನೈದು ನಿಮಿಷದಲ್ಲಿ ನಡುಬೆಲೆ 0.08 ಏರುತ್ತದೆ ಎಂದು ಮಾಡೆಲ್, ಅಂದರೆ ಬೆಲೆಯ ಮುನ್ಸೂಚನೆ ಕೊಡುವ ಸಾಫ್ಟ್‌ವೇರ್ ಭಾಗ, ಹೇಳಿತು. ಮಾರ್ಕೆಟ್ ಆರ್ಡರ್ (ಸಿಗುವ ಬೆಲೆಗೆ ತಕ್ಷಣ ಕೊಳ್ಳುವ ಆರ್ಡರ್) ಹೋಯಿತು. ಮೊದಲ ಬೆಲೆಯಲ್ಲಿ ಬೇಕಾದಷ್ಟು ಷೇರು ಸಿಗಲಿಲ್ಲ, ಉಳಿದದ್ದು ಮೇಲಿನ ಬೆಲೆಗೆ ಬಂತು. ಸರಾಸರಿ ಖರೀದಿ 100.03. ಐದು ನಿಮಿಷದ ನಂತರ ನಡುಬೆಲೆ 100.06, ಮಾರಿದ್ದು 100.04ಕ್ಕೆ. ಶುಲ್ಕ ಎರಡೂ ಕಡೆ ಸೇರಿ 0.02. ಕೊನೆಗೆ 0.01 ನಷ್ಟ.

ಈ ಮೈನಸ್ ಅಂಕಿಯೊಂದನ್ನೇ ಮಾಡೆಲ್‌ಗೆ ಕೊಟ್ಟರೆ, ತನ್ನ ಸೂಚನೆಯೇ ತಪ್ಪು ಎಂದು ಅದು ಕಲಿಯುತ್ತದೆ. ಸೂಚನೆ ತಪ್ಪಾಗಿರಲಿಲ್ಲ. 0.08 ಎಂದಿತ್ತು, 0.06 ಬಂತು, ದಿಕ್ಕು ಸರಿಯಾಗಿಯೇ ಇತ್ತು. ತಿಂದುಹಾಕಿದ್ದು ವೆಚ್ಚ: ಒಳಹೋಗುವಾಗ 0.03, ಹೊರಬರುವಾಗ 0.02, ಶುಲ್ಕ 0.02, ಒಟ್ಟು 0.07. ತಿದ್ದಬೇಕಾದದ್ದು ಮುನ್ಸೂಚನೆಯ ಭಾಗವನ್ನಲ್ಲ; ಎಷ್ಟು ಏರಿಕೆ ನಿರೀಕ್ಷಿಸಿದರೆ ಕೈಹಾಕಬೇಕು ಎಂಬ ಮಿತಿಯನ್ನು, ಇಲ್ಲವೇ ಆರ್ಡರ್ ಹಾಕುವ ರೀತಿಯನ್ನು. ನಿರ್ಧಾರದ ಬೆಲೆಗೂ ಕೈಗೆ ಸಿಕ್ಕ ಬೆಲೆಗೂ ಇರುವ ಈ ವ್ಯತ್ಯಾಸವನ್ನು ಹಣಕಾಸು ಪ್ರಾಧ್ಯಾಪಕ ಆಂಡ್ರೆ ಪೆರೋಲ್ಡ್ 1988ರಲ್ಲಿ ‘ಇಂಪ್ಲಿಮೆಂಟೇಶನ್ ಶಾರ್ಟ್‌ಫಾಲ್’ ಎಂಬ ಹೆಸರಿನಲ್ಲಿ ವಿವರಿಸಿದರು. ಇವತ್ತಿಗೂ ಅಳತೆ ಶುರುವಾಗುವುದು ಅಲ್ಲಿಂದಲೇ.

ಹೀಗೆ ಬಿಡಿಸಿ ನೋಡಲು ಲಾಗ್, ಅಂದರೆ ನಿರ್ಧಾರಗಳ ದಾಖಲೆ, ಗಟ್ಟಿಯಾಗಿರಬೇಕು. ಪ್ರತಿ ನಿರ್ಧಾರಕ್ಕೂ ಒಂದು ಗುರುತಿನ ಸಂಖ್ಯೆ. ಅದರಡಿ ಸಮಯ, ಆಗ ಮಾಡೆಲ್ ಕಂಡ ಎಲ್ಲ ಇನ್‌ಪುಟ್‌ಗಳು, ಮಾಡೆಲ್‌ನ ಮತ್ತು ಕೋಡ್‌ನ ಆವೃತ್ತಿ, ಮುನ್ಸೂಚನೆ ಮತ್ತು ಅದರ ಅವಧಿ, ಅಂದಾಜು ವೆಚ್ಚ, ಕಳಿಸಿದ ಆರ್ಡರ್, ಸಿಕ್ಕ ಫಿಲ್‌ಗಳು (ಆರ್ಡರ್‌ನಲ್ಲಿ ಈಡೇರಿದ ಪಾಲು), ರದ್ದಾದದ್ದು. ಇನ್‌ಪುಟ್‌ಗಳನ್ನು ಆಮೇಲೆ ಡೇಟಾಬೇಸ್‌ನಿಂದ ತೆಗೆದರಾಯಿತು ಎಂದು ಸೋಮಾರಿತನ ಮಾಡಬೇಡಿ. ಕಂಪನಿಗಳ ಫಲಿತಾಂಶದ ಅಂಕಿಗಳು ಪರಿಷ್ಕರಣೆಯಾಗುತ್ತವೆ, ಷೇರು ವಿಭಜನೆಯಾದರೆ ಹಳೆಯ ಬೆಲೆಗಳೂ ಬದಲಾಗುತ್ತವೆ. ಆ ಕ್ಷಣದಲ್ಲಿ ಇಲ್ಲದ ಮಾಹಿತಿ ಹೀಗೆ ಹಿಂಬಾಗಿಲಿನಿಂದ ನುಸುಳಿದರೆ ಬ್ಯಾಕ್‌ಟೆಸ್ಟ್ (ಹಳೆಯ ಬೆಲೆಗಳ ಮೇಲೆ ಓಡಿಸುವ ಪರೀಕ್ಷೆ) ಭಾರೀ ಲಾಭ ತೋರಿಸುತ್ತದೆ, ಮಾರುಕಟ್ಟೆಗೆ ಇಳಿದ ಮೇಲೆ ಅದು ಕಾಣುವುದೇ ಇಲ್ಲ. ಲಾಗ್ ಸರಿಯಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಸಾಕು: ನಿನ್ನೆಯ ಇನ್‌ಪುಟ್‌ಗಳನ್ನು ಅದೇ ಆವೃತ್ತಿಗೆ ಮತ್ತೆ ಉಣಿಸಿ. ನಿನ್ನೆಯದೇ ನಿರ್ಧಾರಗಳು ಬರಬೇಕು. ಬರದಿದ್ದರೆ ಮಾರುಕಟ್ಟೆಯನ್ನು ದೂರಬೇಡಿ, ನಿಮ್ಮ ಡೇಟಾ ಸಾಗುವ ಕೊಳವೆಯಲ್ಲೇ ಎಲ್ಲೋ ಸೋರಿಕೆ ಇದೆ.

ಇನ್ನು ನಿಜವಾಗಿ ಕಷ್ಟದ ಜಾಗಕ್ಕೆ ಬರೋಣ: ಮಾಡದೇ ಬಿಟ್ಟ ಟ್ರೇಡ್‌ಗಳು. ಕೊಂಡದ್ದರ ಫಲ ಗೊತ್ತು. ಬಿಟ್ಟದ್ದನ್ನು ಕೊಂಡಿದ್ದರೆ ಏನಾಗುತ್ತಿತ್ತು? ಬೆಲೆ ಮುಂದೆ ಎಲ್ಲಿಗೆ ಹೋಯಿತು ಎಂಬುದು ದಾಖಲೆಯಲ್ಲಿದೆ, ನಮ್ಮ ಆರ್ಡರ್ ಅದನ್ನು ಎಷ್ಟು ತಳ್ಳುತ್ತಿತ್ತು ಎಂಬುದಿಲ್ಲ. ಇಂತಿಷ್ಟೇ ಬೆಲೆಗೆ ಎಂದು ಹಾಕುವ ಲಿಮಿಟ್ ಆರ್ಡರ್‌ಗಳಲ್ಲಂತೂ, ಆದದ್ದನ್ನಷ್ಟೇ ನೋಡಿ ಕಲಿಯುವ ಈ ಪಕ್ಷಪಾತ ಎದ್ದು ಕಾಣುತ್ತದೆ. 99.98ಕ್ಕೆ ಕೊಳ್ಳುವ ಆರ್ಡರ್ ಹಾಕಿ ಕಾಯುತ್ತಿದ್ದೀರಿ ಎನ್ನಿ. ಬೆಲೆ ಕುಸಿಯುತ್ತಿರುವಾಗ ಅದು ತಪ್ಪದೆ ತುಂಬುತ್ತದೆ (ಈಡೇರುತ್ತದೆ), ಏರುತ್ತಿರುವಾಗ ಖಾಲಿ ಉಳಿಯುತ್ತದೆ. ಹಾಗಾಗಿ ತುಂಬಿದ ಆರ್ಡರ್‌ಗಳಿಂದ ಮಾತ್ರ ಕಲಿತ ಮಾಡೆಲ್‌ಗೆ ತನ್ನ ಸೂಚನೆ ಇರುವುದಕ್ಕಿಂತ ಕೆಟ್ಟದ್ದು ಎನಿಸುತ್ತದೆ. ಬೆಲೆ ಮುಟ್ಟಿದರೆ ಸಾಕು, ಆರ್ಡರ್ ತುಂಬಿತು ಎಂದುಕೊಳ್ಳುವ ಬ್ಯಾಕ್‌ಟೆಸ್ಟ್ ಇದಕ್ಕೆ ತದ್ವಿರುದ್ಧ: ಸಾಲಿನಲ್ಲಿ ನಮಗಿಂತ ಮುಂದೆ ನಿಂತವರನ್ನು ಮರೆತು ಲಾಭ ಉಬ್ಬಿಸುತ್ತದೆ. ತುಂಬದ ಆರ್ಡರ್, ತಿರಸ್ಕರಿಸಿದ ಸೂಚನೆ, ಎರಡನ್ನೂ ದಾಖಲಿಸಲೇಬೇಕು. ಇನ್ನೊಂದು ಉಪಾಯವೂ ಇದೆ. ಮಿತಿಯ ಅಂಚಿನಲ್ಲಿರುವ ಸೂಚನೆಗಳಲ್ಲಿ ಕೆಲವನ್ನು, ನೂರಕ್ಕೆ ಎರಡು ಎಂದಿಟ್ಟುಕೊಳ್ಳಿ, ಅತಿ ಸಣ್ಣ ಗಾತ್ರದಲ್ಲಿ ಬೇಕೆಂದೇ ಟ್ರೇಡ್ ಮಾಡುವುದು. ಆಯ್ಕೆಯ ಸಂಭವನೀಯತೆಯನ್ನೂ ಬರೆದಿಡುವುದು. ನೂರಕ್ಕೆ ಎರಡರಂತೆ ಆರಿಸಿದ ಟ್ರೇಡ್‌ಗೆ ಐವತ್ತು ಪಟ್ಟು ತೂಕ ಕೊಟ್ಟರೆ ಬಿಟ್ಟವುಗಳ ಪಾಲನ್ನೂ ಅದು ಲೆಕ್ಕಕ್ಕೆ ತರುತ್ತದೆ. ಇದಕ್ಕೆ ತಗಲುವ ನಷ್ಟವನ್ನು ಕಲಿಕೆಯ ಖರ್ಚು ಎಂದೇ ಬೇರೆ ಶೀರ್ಷಿಕೆಯಲ್ಲಿ ಹಾಕಿ.

ದೊಡ್ಡ ಗಾತ್ರದಲ್ಲಿ ಆಡುವವರಿಗೆ ಮತ್ತೊಂದು ಬಲೆ. ತನ್ನದೇ ಖರೀದಿಯಿಂದ ಏರಿದ ಬೆಲೆಯನ್ನು ಯಂತ್ರ ತನ್ನ ಜಾಣತನಕ್ಕೆ ಸಾಕ್ಷಿ ಎಂದುಕೊಳ್ಳುತ್ತದೆ. ಆರ್ಡರ್ ಮುಗಿದ ಮೇಲೆ 1, 5, 30 ನಿಮಿಷಗಳಲ್ಲಿ ಬೆಲೆ ಎಲ್ಲಿದೆ ಎಂದು ಅಳೆಯಿರಿ. ಏರಿಕೆಯಲ್ಲಿ ಎಷ್ಟು ಭಾಗ ಇಳಿದುಹೋಯಿತೋ ಅಷ್ಟು ಭಾಗ ನಿಮ್ಮದೇ ಒತ್ತಡವಾಗಿರುವ ಸಂಭವ ಹೆಚ್ಚು.

ಎಷ್ಟು ಟ್ರೇಡ್ ಆದ ಮೇಲೆ ಕಲಿತದ್ದನ್ನು ನಂಬಬಹುದು? ಜನ ಊಹಿಸುವುದಕ್ಕಿಂತ ಬಹಳ ಹೆಚ್ಚು. ನೂರು ಟ್ರೇಡ್‌ಗಳಲ್ಲಿ 53 ಗೆದ್ದರೆ ಅದಕ್ಕೆ ಅರ್ಥವಿಲ್ಲ. ನಾಣ್ಯ ಚಿಮ್ಮಿದರೂ ನೂರರಲ್ಲಿ ಐದು ಆಚೀಚೆ ಆಗುವುದು ಮಾಮೂಲು. 53 ಶೇಕಡಾ ಗೆಲುವನ್ನು 50ರಿಂದ ಸುಮಾರಾಗಿ ಬೇರ್ಪಡಿಸಲು ಸಾವಿರದ ನೂರರಷ್ಟು ಟ್ರೇಡ್ ಬೇಕು, ಅದೂ ಅವು ಒಂದಕ್ಕೊಂದು ಸ್ವತಂತ್ರವಾಗಿದ್ದರೆ. ಒಂದೇ ಬೆಳಗ್ಗೆ ಒಂದೇ ವಲಯದ ಹತ್ತು ಷೇರು ಕೊಂಡರೆ ಅದು ಹತ್ತು ಪಾಠವಲ್ಲ, ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇದರ ಮೇಲೆ, ನೂರು ನಿಯಮಗಳನ್ನು ಪ್ರಯತ್ನಿಸಿದರೆ ಐದು ಶೇಕಡಾ ಮಟ್ಟದ (ಬರೀ ಅದೃಷ್ಟದಿಂದ ನೂರಕ್ಕೆ ಐದು ಬಾರಿ ಪಾಸಾಗಬಹುದಾದ) ಪರೀಕ್ಷೆಯಲ್ಲಿ ಯಾವ ಸತ್ವವೂ ಇಲ್ಲದ ಐದಾರು ನಿಯಮ ಪಾಸಾಗಿ ಬರುತ್ತವೆ. ಪ್ರಯತ್ನಿಸಿ ಬಿಸಾಡಿದ ನಿಯಮಗಳ ಎಣಿಕೆಯೂ ಲಾಗ್‌ನಲ್ಲಿರಲಿ.

ಮಾರುಕಟ್ಟೆ ಬದಲಾಗುವುದರಿಂದ ಹಳೆಯ ದಾಖಲೆಗೆ ತೂಕ ಇಳಿಸುತ್ತಾರೆ. ಅರ್ಧಾಯು (ತೂಕ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ) 60 ದಿನ ಎಂದರೆ 120 ದಿನದ ಹಿಂದಿನ ಟ್ರೇಡ್‌ಗೆ ಕಾಲು ತೂಕ. ಅರ್ಧಾಯು ತೀರಾ ಚಿಕ್ಕದಾದರೆ ಯಂತ್ರ ನಿನ್ನೆಯ ಗದ್ದಲವನ್ನೇ ಬೆನ್ನಟ್ಟುತ್ತದೆ, ಸಾಲು ನಷ್ಟದ ಬೆನ್ನಿಗೇ ಒಳ್ಳೆಯ ಸೂಚನೆಯನ್ನೂ ಕೈಬಿಡುತ್ತದೆ. ತರಬೇತಿಗೆ 24 ತಿಂಗಳು, ಪರೀಕ್ಷೆಗೆ ಮುಂದಿನ 3 ತಿಂಗಳು, ಹೀಗೆ ಕಿಟಕಿ ಸರಿಸುತ್ತಾ ಹೋಗುವುದು ರೂಢಿ. ತರಬೇತಿ, ಪರೀಕ್ಷೆಗಳ ಗಡಿಯಲ್ಲಿ ಎರಡೂ ಅವಧಿಗೆ ಚಾಚಿಕೊಳ್ಳುವ ಟ್ರೇಡ್‌ಗಳನ್ನು ಕಿತ್ತುಹಾಕಿ.

ಹೊಸದಾಗಿ ಕಲಿತ ಮಾಡೆಲ್ ನೇರವಾಗಿ ಗದ್ದುಗೆ ಏರಬಾರದು. ಮೊದಲು ಹಳೆಯದರ ಪಕ್ಕದಲ್ಲಿ, ಆರ್ಡರ್ ಕಳಿಸದೆ ನಿರ್ಧಾರ ಮಾತ್ರ ಬರೆಯುತ್ತಾ ಓಡಲಿ. ಆಮೇಲೆ ಬಂಡವಾಳದ ಸಣ್ಣ ಪಾಲು. ಹೊಸದನ್ನು ಚಾಲ್ತಿಗೆ ತರುವುದರಲ್ಲಿ ಎಡವಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟ್ರೇಡಿಂಗ್ ಕಂಪನಿ ನೈಟ್ ಕ್ಯಾಪಿಟಲ್‌ನ 2012ರ ಆಗಸ್ಟ್ 1ರ ಪ್ರಕರಣ ನೋಡಿ. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಲಿಲ್ಲ. ಹೊಸ ಕೋಡ್‌ಗೆಂದು ಮರುಬಳಕೆ ಮಾಡಿದ ಗುರುತು (ಕೋಡ್‌ನ ಒಂದು ಭಾಗವನ್ನು ಚಾಲೂ ಮಾಡುವ ಫ್ಲ್ಯಾಗ್) ಆ ಸರ್ವರ್‌ನಲ್ಲಿ ವರ್ಷಗಳಿಂದ ಬಳಸದೆ ಬಿಟ್ಟಿದ್ದ ಹಳೆಯ ಕೋಡನ್ನು ಎಬ್ಬಿಸಿತು. ಸರಿಪಡಿಸಲು ಹೋದವರು ಉಳಿದ ಏಳರಿಂದ ಹೊಸ ಕೋಡ್ ತೆಗೆದು ಸಮಸ್ಯೆಯನ್ನು ಹಿಗ್ಗಿಸಿದರು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಆವೃತ್ತಿಯನ್ನು ಸರ್ವರ್‌ವಾರು, ನಿರ್ಧಾರವಾರು ಬರೆಯಬೇಕೆಂದು ಪಟ್ಟು ಹಿಡಿಯುವುದು ಇದಕ್ಕೇ.

ಕಡೆಯದಾಗಿ, ಗರಿಷ್ಠ ಹೂಡಿಕೆ, ದಿನದ ನಷ್ಟಮಿತಿ, ಸೆಕೆಂಡಿಗೆ ಎಷ್ಟು ಆರ್ಡರ್ ಎಂಬಿವು ಕಲಿಯುವ ಭಾಗದ ಕೈಗೆ ಸಿಗಬಾರದು. ಅವು ಬೇರೆ ಪ್ರಕ್ರಿಯೆಯಲ್ಲಿ, ಬೇರೆ ಅನುಮತಿಯಡಿ ಇರಲಿ. ಲಾಭದ ತಿಂಗಳುಗಳನ್ನಷ್ಟೇ ಕಂಡ ಮಾಡೆಲ್‌ಗೆ ಮಿತಿ ಬದಲಿಸುವ ಅಧಿಕಾರ ಕೊಟ್ಟರೆ, ಅದು ಮೊದಲು ಸಡಿಲಿಸುವುದು ನಷ್ಟಮಿತಿಯನ್ನೇ. ಅದರ ದಾಖಲೆಯಲ್ಲಿ ಆ ಮಿತಿ ಯಾವತ್ತೂ ಕೆಲಸಕ್ಕೆ ಬಂದದ್ದೇ ಇಲ್ಲವಲ್ಲ.