ಪಿಟೋನ್ ಬೆಟ್ಟಗಳ ಬುಡದಲ್ಲಿ ಲಂಗರು ಏಕೆ ಹಾಕುವುದಿಲ್ಲ?

[ದೃಶ್ಯ: ಸಮುದ್ರದಿಂದ ನೇರವಾಗಿ ಎದ್ದುನಿಂತ ಎರಡು ಹಸಿರು ಬೆಟ್ಟಗಳು. ಅವುಗಳ ಮುಂದೆ ಒಂದು ಬಿಳಿ ಹಾಯಿದೋಣಿ.]

ನಮಸ್ಕಾರ. ಈ ಚಿತ್ರ ನೋಡಿ. ಎಡಕ್ಕಿರುವುದು ಪೆಟಿ ಪಿಟೋನ್, ಅಂದರೆ ಚಿಕ್ಕ ಪಿಟೋನ್. ಎತ್ತರ 743 ಮೀಟರ್. ಬಲಕ್ಕಿರುವ ಗ್ರೋ ಪಿಟೋನ್ ಅದಕ್ಕಿಂತ ಎತ್ತರ, ಮೈಯಲ್ಲೂ ದಪ್ಪ. ಇದು ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ. ವೆಸ್ಟ್ ಇಂಡೀಸ್‌ಗೆ ಎರಡು ಬಾರಿ ಟಿ20 ವಿಶ್ವಕಪ್ ಗೆದ್ದುಕೊಟ್ಟ ನಾಯಕ ಡ್ಯಾರೆನ್ ಸ್ಯಾಮಿ ಅವರ ನಾಡು. ಆ ದೇಶದ ಧ್ವಜದ ನಡುವೆ ಇರುವ ತ್ರಿಕೋನಗಳು ಈ ಬೆಟ್ಟಗಳನ್ನೇ ಸೂಚಿಸುತ್ತವೆ.

ಈಗ ದೋಣಿಯ ಮೂತಿಯನ್ನು ಗಮನಿಸಿ. ದೋಣಿ ನಿಂತಿದೆ, ಆದರೆ ಲಂಗರು ನೀರಿಗೆ ಇಳಿದಿಲ್ಲ, ಮೂತಿಯಲ್ಲೇ ನೇತಾಡುತ್ತಿದೆ. ದಡ ಇಷ್ಟು ಹತ್ತಿರ ಇರುವಾಗ ಲಂಗರು ಹಾಕಲು ಏನು ಅಡ್ಡಿ? ಈ ಪ್ರಶ್ನೆ ನನ್ನನ್ನು ಹಲವು ದಿನ ಕಾಡಿತು.

[ನಕ್ಷೆ: ಮಾರ್ಟಿನಿಕ್‌ನಿಂದ ಸೇಂಟ್ ಲೂಸಿಯಾಕ್ಕೆ]

ದಾರಿಯನ್ನು ಬೇಗ ಹೇಳಿಬಿಡುತ್ತೇನೆ. ಉತ್ತರದ ಮಾರ್ಟಿನಿಕ್‌ನಿಂದ ಹೊರಟರೆ ನಡುವಿನ ಕಡಲು ಸುಮಾರು 20 ನಾಟಿಕಲ್ ಮೈಲಿ, ಅಂದರೆ ಸುಮಾರು 37 ಕಿಲೋಮೀಟರ್, ಅರ್ಧ ದಿನದ ಪಯಣ. ಶಾಲೆಯಲ್ಲಿ ಓದಿದ ವಾಣಿಜ್ಯ ಮಾರುತಗಳು ಪೂರ್ವದಿಂದ ಬೀಸುತ್ತವೆ, ಪ್ರವಾಹ ಪಶ್ಚಿಮಕ್ಕೆ ತಳ್ಳುತ್ತದೆ. ಆದ್ದರಿಂದ ಮೂತಿಯನ್ನು ಗುರಿಗಿಂತ ತುಸು ಪೂರ್ವಕ್ಕೆ ಹಿಡಿಯಬೇಕು. ದ್ವೀಪದ ಪಶ್ಚಿಮ ಬದಿಗೆ ಬಂದರೆ ಬೆಟ್ಟಗಳು ಗಾಳಿಯನ್ನು ತಡೆಯುತ್ತವೆ, ಹಾಯಿ ಜೋತುಬೀಳುತ್ತದೆ. ಎಷ್ಟೋ ಸಲ ಎಂಜಿನ್ ಹಾಕಿಕೊಂಡೇ ಪಿಟೋನ್ ತಲುಪಬೇಕು.

ಈಗ ಲಂಗರು. ಅದರ ತೂಕವೇ ದೋಣಿಯನ್ನು ಹಿಡಿದು ನಿಲ್ಲಿಸುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಆದರೆ ಲೆಕ್ಕ ಹಾಕಿ: 40 ಅಡಿಯ ಹಾಯಿದೋಣಿ ಎಂಟು-ಹತ್ತು ಟನ್ ತೂಗುತ್ತದೆ, ಅದರ ಲಂಗರು ಸುಮಾರು 20 ಕಿಲೋ. ಒಂದು ಅಕ್ಕಿಮೂಟೆಗಿಂತ ಹಗುರ! ಹಾಗಾದರೆ ಹಿಡಿಯುವುದು ಯಾವುದು?

[ಚಿತ್ರ: ನೇಗಿಲು ಮತ್ತು ಲಂಗರು ಅಕ್ಕಪಕ್ಕ]

ಉತ್ತರ ನಮ್ಮ ಹೊಲದಲ್ಲಿದೆ. ನೇಗಿಲನ್ನು ಸರಿಯಾದ ಕೋನದಲ್ಲಿ ಹಿಡಿದರೆ, ಎತ್ತುಗಳು ಎಳೆದಷ್ಟೂ ಗುಳ ನೆಲಕ್ಕೆ ಇಳಿಯುತ್ತದೆ. ಎಳೆತ ಮೇಲ್ಮುಖವಾದರೆ ಮಣ್ಣು ಬಿಟ್ಟು ಮೇಲೇಳುತ್ತದೆ. ಗುಳ ದಪ್ಪ ಬೇರಿಗೆ ಸಿಕ್ಕಿಕೊಂಡಾಗ ಎತ್ತುಗಳು ಎಷ್ಟು ಜಗ್ಗಿದರೂ ಕದಲದೆ ನಿಲ್ಲುವುದನ್ನು ಉಳುಮೆ ಮಾಡಿದವರು ಕಂಡಿರುತ್ತೀರಿ. ಲಂಗರಿನ ಕೆಲಸವೂ ಇದೇ: ಮರಳಿನೊಳಗೆ ಹೂತು, ಕದಲದಿರುವುದು. ಇದು ನಾನು ಕಟ್ಟಿದ ಹೋಲಿಕೆಯಲ್ಲ. 1933ರಲ್ಲಿ ಕೇಂಬ್ರಿಜ್‌ನ ಭೌತವಿಜ್ಞಾನಿ ಜಿ. ಐ. ಟೇಲರ್ ನೇಗಿಲಿನ ಗುಳದ ಆಕಾರದಲ್ಲೇ ಒಂದು ಲಂಗರನ್ನು ರೂಪಿಸಿದರು. ದ್ರವಗಳ ಚಲನೆಯ ಅಧ್ಯಯನದಲ್ಲಿ ಬಹುದೊಡ್ಡ ಹೆಸರು ಅವರದು, ಸ್ವತಃ ಹಾಯಿದೋಣಿ ನಡೆಸುತ್ತಿದ್ದವರು. ಲಂಗರಿನ ಹೆಸರು ಸಿಕ್ಯೂಆರ್. ಬೇಗ ಹೇಳಿ ನೋಡಿ, ‘ಸೆಕ್ಯೂರ್’ ಎಂದು ಕೇಳಿಸುತ್ತದೆ. ಜಗತ್ತಿನ ಎಷ್ಟೋ ಹಾಯಿದೋಣಿಗಳ ಮೂತಿಯಲ್ಲಿ ಈಗಲೂ ಒಂದು ನೇಗಿಲು ತೂಗುತ್ತಿದೆ. ಇದನ್ನು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಎಳೆತ ಮೇಲ್ಮುಖವಾಗದೆ ನೆಲಕ್ಕೆ ಸಮಾನಾಂತರವಾಗಿರಬೇಕಾದರೆ, ಲಂಗರನ್ನು ದೋಣಿಗೆ ಕಟ್ಟಿದ ಸರಪಳಿ ಉದ್ದವಿರಬೇಕು. ನೀರಿನ ಆಳದ ಐದರಿಂದ ಏಳು ಪಟ್ಟು. ಐದು ಮೀಟರ್ ಆಳದಲ್ಲಿ 25-35 ಮೀಟರ್ ಸಾಕು. 40 ಮೀಟರ್ ಆಳದಲ್ಲಾದರೆ ಕನಿಷ್ಠ 200 ಮೀಟರ್ ಬೇಕು. ಅಷ್ಟು ಸರಪಳಿಯನ್ನು ಸಾಮಾನ್ಯ ಹಾಯಿದೋಣಿ ಹೊರುವುದಿಲ್ಲ. ಹೊತ್ತರೂ, ಗಾಳಿ ತಿರುಗಿದಾಗ ದೋಣಿ ಅಷ್ಟೇ ದೊಡ್ಡ ವೃತ್ತದಲ್ಲಿ ಸುತ್ತಿ ಬಂಡೆಗೆ ಬಡಿಯುತ್ತದೆ.

[ಚಿತ್ರ: ಬೆಟ್ಟದ ಅಡ್ಡಕೊಯ್ತ, ನೀರಿನ ಕೆಳಗೂ ಮುಂದುವರಿದ ಇಳಿಜಾರು]

ಪಿಟೋನ್‌ಗಳ ತೊಡಕು ಇಲ್ಲಿದೆ. ಇವು ಹಳೆಯ ಜ್ವಾಲಾಮುಖಿಯ ಮಗ್ಗುಲಲ್ಲಿ ಉಬ್ಬಿದ ಲಾವಾ ಗುಮ್ಮಟಗಳ ಸವೆದು ಉಳಿದ ತಿರುಳು. ಬೆಟ್ಟ ನೀರಿನ ಅಂಚಿಗೆ ಮುಗಿಯುವುದಿಲ್ಲ. ಅದೇ ಕಡಿದಾದ ಇಳಿಜಾರು ಒಳಗೂ ಇಳಿಯುತ್ತದೆ. ದಡದಿಂದ ಸ್ವಲ್ಪ ದೂರ ಹೋದರೆ ಸಾಕು, ತಳ ಕೈಗೆ ಸಿಗುವುದಿಲ್ಲ. ಮೇಲಾಗಿ ಇದು ಪಶ್ಚಿಮ ಕರಾವಳಿ. ಪೂರ್ವದ ಗಾಳಿ ದೋಣಿಯನ್ನು ಆಳದ ಕಡೆಗೇ ಎಳೆಯುತ್ತದೆ. ಇಳಿಜಾರಿನಲ್ಲಿ ಕೆಳಮುಖವಾಗಿ ಎಳೆದ ನೇಗಿಲು ಎಲ್ಲಿ ನಿಂತೀತು?

ಅದಕ್ಕಿಂತ ಮುಖ್ಯವಾದ ಕಾರಣ ಹವಳ. 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತಾಣದ ಕಡಲಭಾಗದಲ್ಲಿ ಸುಮಾರು ಶೇ 60ರಷ್ಟು ಹವಳದ ದಿಬ್ಬಗಳೇ ಹರಡಿವೆ. ಒಮ್ಮೆ ಸರಪಳಿ ಉಜ್ಜಿದರೆ ಹಲವು ವರ್ಷಗಳ ಬೆಳವಣಿಗೆ ಪುಡಿಯಾಗುತ್ತದೆ. ಮೀನುಗಾರರು, ಮುಳುಗುಗಾರರು, ಹಾಯಿದೋಣಿಯವರು ಇದೇ ನೀರಿಗಾಗಿ ಜಗಳವಾಡುತ್ತಿದ್ದ ಕಾಲವೂ ಇತ್ತು. ಕೊನೆಗೆ ಕೂತು ಮಾತನಾಡಿ, 1995ರಲ್ಲಿ ಪಿಟೋನ್‌ಗಳ ಪಕ್ಕದ ಊರಾದ ಸೂಫ್ರಿಯೇರ್‌ನ ಹೆಸರಿನಲ್ಲಿ ಸೂಫ್ರಿಯೇರ್ ಕಡಲ ನಿರ್ವಹಣಾ ಪ್ರದೇಶವನ್ನು ರೂಪಿಸಿದರು. ಬಲೆ ಬೀಸಲು, ಮುಳುಗಲು, ದೋಣಿ ಕಟ್ಟಲು ಬೇರೆ ಬೇರೆ ಜಾಗ. ಲಂಗರಿನ ಬದಲು ತಳಕ್ಕೆ ಬಿಗಿದ ಹಗ್ಗದ ತುದಿಯಲ್ಲಿ ತೇಲುವ ಬೋಯ್‌ಗಳು. ಶುಲ್ಕ ಕೊಟ್ಟು ಅವಕ್ಕೆ ದೋಣಿ ಕಟ್ಟಬೇಕು. ಪ್ರವಾಸಿಗರ ಹಣದ ಮುಂದೆ ಸ್ಥಳೀಯ ಬೆಸ್ತರ ಬಲೆಗೂ ಜಾಗ ಉಳಿಸಿದ ಈ ಏರ್ಪಾಡು ನನಗೆ ಬೆಟ್ಟಗಳಷ್ಟೇ ದೊಡ್ಡದಾಗಿ ಕಾಣುತ್ತದೆ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಮಾರ್ಟಿನಿಕ್ ಫ್ರಾನ್ಸ್‌ನ ಭಾಗ, ಸೇಂಟ್ ಲೂಸಿಯಾ ಬೇರೆ ದೇಶ. ಪ್ರವೇಶದ ಕಾಗದಪತ್ರ ಮುಗಿಯುವವರೆಗೆ ಹಳದಿ ಬಾವುಟ ಹಾರಿಸಬೇಕು. ಬಂದರು ಹೊಕ್ಕುವಾಗ ದಾರಿಯ ಅಂಚು ತೋರಿಸುವ ಕೆಂಪು ಗುರುತು ಭಾರತದಲ್ಲಿ ಎಡಕ್ಕಿದ್ದರೆ ಅಲ್ಲಿ ಬಲಕ್ಕೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಎರಡು ಬೆಟ್ಟಗಳ ನಡುವಿನಿಂದ ಗಾಳಿ ಒಮ್ಮೆಲೇ ಸುರಿಯುವುದುಂಟು, ಆದ್ದರಿಂದ ರಾತ್ರಿ ಮಲಗುವ ಮುನ್ನ ಹಗ್ಗವನ್ನು ಮತ್ತೊಮ್ಮೆ ನೋಡಬೇಕು.

[ದೃಶ್ಯ: ಮುಂಜಾವು, ಬೆಟ್ಟದ ನೆರಳಿನಲ್ಲಿ ದೋಣಿ]

ಹಗ್ಗವನ್ನು ಬೋಯ್‌ನ ಬಳೆಯೊಳಗೆ ತೂರಿಸಿ ಎರಡೂ ತುದಿಗಳನ್ನು ದೋಣಿಗೇ ಕಟ್ಟಿರುತ್ತಾರೆ. ಬೆಳಿಗ್ಗೆ ಒಂದು ತುದಿ ಬಿಚ್ಚಿ ಇನ್ನೊಂದನ್ನು ಎಳೆದುಕೊಂಡರೆ ದೋಣಿ ಸದ್ದಿಲ್ಲದೆ ಬಿಡುಗಡೆ. ಬೆಟ್ಟಗಳು ಪೂರ್ವಕ್ಕಿರುವುದರಿಂದ ಅಲ್ಲಿ ಬಿಸಿಲು ತಡವಾಗಿ ಬರುತ್ತದೆ. ದಕ್ಷಿಣದ ಸೇಂಟ್ ವಿನ್ಸೆಂಟ್ ಕಡೆಗೆ ಹೊರಟವರಿಗೆ ಸೂರ್ಯ ಕಾಣುವುದು ಗ್ರೋ ಪಿಟೋನ್‌ನ ನೆರಳು ದಾಟಿದ ಮೇಲೆಯೇ.