ಕೈಗೆ ಗೊತ್ತಿರುವ ಕೆಲಸ

ಕೇಳುಗರಿಗೆ ನಮಸ್ಕಾರ.

ನನಗೀಗ 57 ವರ್ಷ. ಹಾಸನದಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುತ್ತೇನೆ. ನಾನು ಮೊದಲು ಕಲಿತ ಕಸುಬು ಇದಲ್ಲ. 17ನೇ ವಯಸ್ಸಿನಿಂದ 25 ವರ್ಷ ಟೈಪ್‌ರೈಟರ್ ರಿಪೇರಿ ಮಾಡಿದೆ. ಆ ಕಸುಬು ಹೋಗಿ ಈ ಕಸುಬು ಬಂದದ್ದು ಹೇಗೆ ಅಂತ ಇವತ್ತು ಹೇಳುತ್ತೇನೆ.

ಆಗ ಟೈಪ್‌ರೈಟರ್ ಇಲ್ಲದ ಕಚೇರಿಯೇ ಇರಲಿಲ್ಲ. ಚೀಲದಲ್ಲಿ ಸ್ಕ್ರೂಡ್ರೈವರು, ಎಣ್ಣೆ, ರಿಬ್ಬನ್ನು ತುಂಬಿಕೊಂಡು ಬೇಲೂರು, ಅರಸೀಕೆರೆ, ಹೊಳೆನರಸೀಪುರ ಸುತ್ತುತ್ತಿದ್ದೆ. ಒಂದು ದಿನ ತಾಲ್ಲೂಕು ಕಚೇರಿ, ಮರುದಿನ ಕೋರ್ಟಿನ ಮುಂದೆ ಕೂತು ಅರ್ಜಿ ಟೈಪ್ ಮಾಡಿಕೊಡುವವರು. ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆ ಹತ್ತಿರ ಬಂದರೆ ಊಟಕ್ಕೂ ಪುರುಸೊತ್ತು ಸಿಗುತ್ತಿರಲಿಲ್ಲ. ಕನ್ನಡದ ಮಿಷನ್ ಅಂದರೆ ನನಗೆ ಪ್ರೀತಿ ಜಾಸ್ತಿ. ಕೆ. ಅನಂತಸುಬ್ಬರಾವ್ ಅವರು ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಅಷ್ಟು ಕಡಿಮೆ ಕೀಲಿಗಳಲ್ಲಿ ಕೂರಿಸಿದ್ದರಲ್ಲ, ಅದನ್ನು ಬಿಚ್ಚಿ ನೋಡಿದಾಗಲೆಲ್ಲ ಬೆರಗಾಗುತ್ತಿತ್ತು.

ಆಮೇಲೆ ಕಂಪ್ಯೂಟರ್ ಬಂತು, ಅದರ ಹಿಂದೆ ಕನ್ನಡದಲ್ಲಿ ಟೈಪ್ ಮಾಡುವ ನುಡಿ ತಂತ್ರಾಂಶ ಬಂತು. ಮೊದಲು ಕಚೇರಿಗಳು ಕೈಬಿಟ್ಟವು, ನಂತರ ಇನ್‌ಸ್ಟಿಟ್ಯೂಟ್‌ಗಳು ಒಂದೊಂದಾಗಿ ಬಾಗಿಲು ಹಾಕಿದವು. 1955ರಿಂದ ಟೈಪ್‌ರೈಟರ್ ತಯಾರಿಸುತ್ತಿದ್ದ ಗೋದ್ರೆಜ್ ಕಂಪನಿ ಅದನ್ನು ನಿಲ್ಲಿಸಿದ ಸುದ್ದಿ 2011ರಲ್ಲಿ ಎಲ್ಲ ಕಡೆ ಬಂತು. ನನಗಾಗ 42. ತಿಂಗಳಿಗೆ ನಾಲ್ಕು ಮಿಷನ್ ರಿಪೇರಿಗೆ ಬಂದರೆ ಅದೇ ದೊಡ್ಡದು. ಇಬ್ಬರು ಮಕ್ಕಳು ಹೈಸ್ಕೂಲಿನಲ್ಲಿದ್ದರು.

ಗಾಬರಿಯಲ್ಲಿ ನಾನು ತಪ್ಪು ಮಾಡಿದೆ. ಕಂಡವರೆಲ್ಲ ಝೆರಾಕ್ಸ್ ಅಂಗಡಿ ಹಾಕು ಅಂದರು. ಸಾಲ ಮಾಡಿ ಹಳೆಯ ಮಿಷನ್ ಒಂದನ್ನು ತಂದೆ. ಅದು ಮೂರು ದಿನ ಓಡಿದರೆ ನಾಲ್ಕು ದಿನ ಕೂರುತ್ತಿತ್ತು. ಅದರ ರಿಪೇರಿ ನನಗೆ ಗೊತ್ತಿಲ್ಲ, ಮಾರಿದವರು ಫೋನ್ ಎತ್ತಲಿಲ್ಲ. ಅದೇ ಬೀದಿಯಲ್ಲಿ ಆಗಲೇ ಇನ್ನೂ ಮೂರು ಝೆರಾಕ್ಸ್ ಅಂಗಡಿಗಳಿದ್ದವು. ಹತ್ತು ತಿಂಗಳಲ್ಲಿ ಮುಚ್ಚಿದೆ. ಸಾಲ ತೀರಲು ಮೂರು ವರ್ಷ ಬೇಕಾಯಿತು. ಯಾವ ಅಂಗಡಿ ಓಡುತ್ತದೆ ಅಂತ ಊರಿನವರನ್ನೆಲ್ಲ ಕೇಳಿದ್ದೆ. ನನಗೆ ಏನು ಬರುತ್ತದೆ ಅಂತ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ.

ಅದನ್ನು ಕೇಳಿದವರು ನಮ್ಮ ಮನೆಯವರು. ಅವರು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ಹಬ್ಬದ ಮುಂಚೆ ಕಾಲಿನಲ್ಲಿ ತುಳಿಯುವ ಅವರ ಮಿಷನ್ ಹೊಲಿಗೆ ಬಿಡಲು ಶುರು ಮಾಡಿತು. ನಾಲ್ಕು ಹೊಲಿಗೆ ಬಿದ್ದರೆ ಐದನೆಯದು ಇಲ್ಲ. "ಅಷ್ಟೊಂದು ಟೈಪ್ ಮಿಷನ್ ಬಿಚ್ಚಿದ್ದೀರಿ. ಇದನ್ನೂ ಒಂಚೂರು ನೋಡಬಾರದಾ?" ಅಂದರು.

ಬಿಚ್ಚಿದೆ. ಹಳೇ ಅಭ್ಯಾಸದಂತೆ ಒಂದು ಹಾಳೆ ಹಾಸಿ, ತೆಗೆದ ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಸಾಲಾಗಿ ಇಟ್ಟೆ. ಆಮೇಲೆ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಕೂತೆ. ಸೂಜಿ ಕೆಳಗಿಳಿದು ಒಂಚೂರು ಮೇಲೇಳುವಾಗ ದಾರ ಸಣ್ಣ ಕುಣಿಕೆಯಾಗುತ್ತದೆ. ಸರಿಯಾಗಿ ಆ ಕ್ಷಣಕ್ಕೆ, ಕೆಳಗಿನ ದಾರ ಹಿಡಿದಿರುವ ಶಟಲ್‌ನ ಮೊನೆ ಬಂದು ಆ ಕುಣಿಕೆಯನ್ನು ಹಿಡಿಯಬೇಕು. ಕೂದಲೆಳೆಯಷ್ಟು ತಡವಾದರೂ ಹೊಲಿಗೆ ತಪ್ಪುತ್ತದೆ. ಟೈಪ್‌ರೈಟರಿನಲ್ಲೂ ಹಾಗೇ ಅಲ್ವಾ! ಅಕ್ಷರ ಬಡಿದ ಮೇಲೇ ಕ್ಯಾರೇಜ್ ಒಂದು ಮನೆ ಸರಿಯಬೇಕು. ಆ ಲೆಕ್ಕ ತಪ್ಪಿದರೆ ಅಕ್ಷರದ ಮೇಲೆ ಅಕ್ಷರ ಬೀಳುತ್ತದೆ. ಅವತ್ತು ರಾತ್ರಿ ಹನ್ನೊಂದಾಗಿತ್ತು. ಮಿಷನ್ ಸರಿಯಾಯಿತು. ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಮನಸ್ಸಿಗೆ ಇಷ್ಟವಾದದ್ದನ್ನು ಹಿಡಿಯಿರಿ, ಉಳಿದದ್ದು ತಾನಾಗಿ ಬರುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮಕ್ಕಳ ಫೀಸು ಕಟ್ಟಬೇಕಾದವರಿಗೆ ಆ ಮಾತು ಸಾಲದು. ಇಷ್ಟು ವರ್ಷ ನಿಮ್ಮ ಕೈ, ಕಣ್ಣು, ಕಿವಿ ಏನು ಕಲಿತಿವೆ ಅಂತ ಒಂದು ಚೀಟಿಯಲ್ಲಿ ಬರೆದು ನೋಡಿ. ಹುದ್ದೆಯ ಹೆಸರು ಬರೆಯಬೇಡಿ, ಕೆಲಸ ಬರೆಯಿರಿ. ಅಂಗಡಿಯ ಗುಮಾಸ್ತರಾದರೆ ಸ್ಟಾಕ್ ಲೆಕ್ಕ, ಗಿರಾಕಿಯ ಜೊತೆ ಮಾತು. ಬಸ್ ಕಂಡಕ್ಟರಾದರೆ ಚಿಲ್ಲರೆಯ ಲೆಕ್ಕ, ತಾಳ್ಮೆ. ನನ್ನ ಚೀಟಿಯಲ್ಲಿ ಇದ್ದದ್ದು ಮೂರೇ ಸಾಲು. ಸಣ್ಣ ಭಾಗಗಳನ್ನು ಬಿಚ್ಚಿ ಜೋಡಿಸುವುದು. ಸದ್ದು ಕೇಳಿ ತಪ್ಪು ಹಿಡಿಯುವುದು. ಊರೂರು ತಿರುಗಿ ರಿಪೇರಿ ಮಾಡುವುದು.

ಆದರೆ ಗೊತ್ತಿಲ್ಲದ್ದೂ ಬಹಳ ಇತ್ತು. ಗಾರ್ಮೆಂಟ್ಸ್‌ನ ಮಿಷನ್‌ಗಳು ಕರೆಂಟಿನವು, ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕುತ್ತವೆ. ಮೋಟಾರು, ಬೋರ್ಡು, ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಿಷನ್ನಿನಲ್ಲಿ ದಾರ ಹೆಣೆಯುವ ಲೂಪರು, ಇವೆಲ್ಲ ನನಗೆ ಹೊಸದು. ಅದಕ್ಕೇ ಒಂದು ಗಾರ್ಮೆಂಟ್ಸ್‌ನಲ್ಲಿ ಮೆಕ್ಯಾನಿಕ್‌ಗೆ ಹೆಲ್ಪರ್ ಆಗಿ ಸೇರಿದೆ. ಮೆಕ್ಯಾನಿಕ್ ಹುಡುಗನಿಗೆ 24 ವರ್ಷ. ಅವನನ್ನು ಸರ್ ಎನ್ನಬೇಕಿತ್ತು. ಮೊದಲ ವಾರ ಆ ಮಾತು ಬಾಯಿಗೆ ಬರಲಿಲ್ಲ. 25 ವರ್ಷ ಜನ ನನ್ನನ್ನು ಮೇಷ್ಟ್ರೇ ಅಂತ ಕರೆದಿದ್ದರು. ಇಲ್ಲಿ ನಾನು ಎಣ್ಣೆ ಡಬ್ಬಿ ಹಿಡಿದು ನಿಲ್ಲುವವನು. ಲೈನ್ ನಿಂತರೆ ಸೂಪರ್‌ವೈಸರ್ ಎಲ್ಲರೆದುರೇ ಗದರುತ್ತಿದ್ದರು. ಸಂಬಳದ ಕೊರತೆಗಿಂತ ಇದು ಕಷ್ಟ, ನಿಜವಾಗಿ ಹೇಳುತ್ತೇನೆ. ಆದರೆ ಆ ಹುಡುಗ ಒಳ್ಳೆಯವನು. ಒಂದು ದಿನ ಲೂಪರ್ ಕೂರಿಸುವುದನ್ನು ಮೂರು ಸಲ ತೋರಿಸಿ, ನಾಲ್ಕನೇ ಸಲ ತಾನೇ ಬಿಚ್ಚಿ, "ಈಗ ನೀವು ಮಾಡಿ ಅಂಕಲ್" ಅಂದ. ಅವತ್ತಿನಿಂದ ಸರ್ ಅನ್ನುವುದು ಸಲೀಸಾಯಿತು.

ಅಲ್ಲಿ ಎರಡು ವರ್ಷ ಇದ್ದೆ. ಆ ದಿನಗಳಲ್ಲೇ ಸಂಜೆ ಮತ್ತು ಭಾನುವಾರ ಟೈಲರ್‌ಗಳ ಮಿಷನ್ ನೋಡುತ್ತಿದ್ದೆ. ಸಂಜೆಯ ದುಡಿಮೆ ಸಂಬಳದಷ್ಟಾದ ಮೇಲೇ ಕೆಲಸ ಬಿಟ್ಟೆ. ಒಂದೇಟಿಗೆ ಹಾರಬೇಡಿ ಅನ್ನುವುದು ಇದಕ್ಕೇ.

ಕಲಿಯಲು ಫೀಸಿಗೆ ಹಣವಿಲ್ಲ ಅಂತ ಸುಮ್ನೆ ಕೂರುವವರಿಗೆ ಒಂದು ಮಾತು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿಗಳಿವೆ, ಅಂದರೆ ಸ್ವಉದ್ಯೋಗ ತರಬೇತಿ ಕೇಂದ್ರಗಳು. ಹಳ್ಳಿಯ ಯುವಜನರಿಗೆ ಊಟ, ವಸತಿ ಸಮೇತ ಉಚಿತ ತರಬೇತಿ ಕೊಡುತ್ತಾರೆ. ಒಮ್ಮೆ ಹೋಗಿ ವಿಚಾರಿಸಿ.

ಹೋದ ವಾರ ಒಬ್ಬ ಹುಡುಗ ಅಂಗಡಿಗೆ ಬಂದಿದ್ದ. ಆರು ವರ್ಷ ಮೊಬೈಲ್ ರಿಪೇರಿ ಮಾಡಿದ್ದಾನೆ. ಅಂಗಡಿ ನಡೆಯುತ್ತಿಲ್ಲ, ನಿಮ್ಮ ಹತ್ತಿರ ಕಲಿಯಬಹುದಾ ಅಂದ. ನಾನು ಏನೂ ಹೇಳದೆ ಒಂದು ಹಳೆಯ ಮಿಷನ್ ಅವನ ಮುಂದಿಟ್ಟು, ಬಿಚ್ಚಪ್ಪ ನೋಡೋಣ ಅಂದೆ. ಅವನು ಸುತ್ತ ನೋಡಿ ಮೂಲೆಯಲ್ಲಿದ್ದ ಹಳೇ ಪೇಪರ್ ಎಳೆದು ಹಾಸಿದ. ಮೊದಲ ಸ್ಕ್ರೂ ತೆಗೆದು ಎಡತುದಿಯಲ್ಲಿಟ್ಟ, ಎರಡನೆಯದನ್ನು ಅದರ ಪಕ್ಕದಲ್ಲಿ.

ಸೋಮವಾರದಿಂದ ಬಾ ಅಂದೆ.

ನಮಸ್ಕಾರ.